ಹೂ ಬಿಡಲೊಲ್ಲದ ದಾಸವಾಳ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನಾನು ಈ ಜನ್ಮದಲ್ಲಿ ಲೆಕ್ಕವಿಲ್ಲದಷ್ಟು ದಾಸವಾಳಗಳನ್ನು ಬ್ಲೇಡಿನಿಂದ ಸೀಳಿದವನು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನಿಗೆ ದಾಸವಾಳ ಬಿಟ್ಟರೆ ಬೇರೆ ಗತಿಯಿಲ್ಲ. ಅದರ ಅಂಗಾಂಗಗಳೆಲ್ಲ ಕೊನೆಯ ಬೆಂಚಿನವರಿಗೂ ಕಾಣುವಷ್ಟು ದೊಡ್ಡವು, ವರ್ಷವಿಡೀ ಸಿಗುತ್ತದೆ, ಸೀಳುವಾಗ ಕೂಗಿಕೊಳ್ಳುವುದಿಲ್ಲ. ಇದು ದಳ, ಇದು ಕೇಸರಗಳ ಕೊಳವೆ, ಇದು ಅಂಡಾಶಯ ಎಂದು ಕಡ್ಡಿಯ ತುದಿಯಿಂದ ತೋರಿಸುತ್ತ ನಾನು ಒಂದು ಆಯುಷ್ಯ ಕಳೆದೆ. ಈಗಲೂ ಕಣ್ಣು ಕಟ್ಟಿ ಬೋರ್ಡಿನ ಮುಂದೆ ನಿಲ್ಲಿಸಿದರೆ ಅದರ ಸೀಳುನೋಟದ ಚಿತ್ರವನ್ನು ಬಿಡಿಸಿ, ಹನ್ನೊಂದು ಭಾಗಗಳಿಗೆ ಬಾಣದ ಗುರುತು ಹಾಕಿ ಕೊಡುತ್ತೇನೆ. ಆದರೆ ಒಂದೇ ಒಂದು ದಾಸವಾಳದ ಗಿಡವನ್ನು ನೆಟ್ಟು ಬೆಳೆಸಿರಲಿಲ್ಲ. ಅದರ ಅಗತ್ಯ ನನಗೆ ಕಂಡಿರಲಿಲ್ಲ.

ಅಗತ್ಯ ಬಿದ್ದದ್ದು ನಿವೃತ್ತಿಯಾದ ಮೇಲೆ. ನನ್ನ ಹೆಂಡತಿ ಸುಮಿತ್ರಾ ತಿಂಗಳು ತಿಂಗಳು ಸಂಕಷ್ಟಿ ಮಾಡುತ್ತಾಳೆ. ಅವಳ ಗಣಪತಿಗೆ ಕೆಂಪು ದಾಸವಾಳವೇ ಆಗಬೇಕು. ನೌಕರಿಯಲ್ಲಿರುವವರೆಗೆ ಅದು ಕಷ್ಟವಾಗಿರಲಿಲ್ಲ. ಮಕ್ಕಳು ತಂದ ಹೂಗಳಲ್ಲಿ ಬ್ಲೇಡಿನಿಂದ ಪಾರಾದದ್ದನ್ನು ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದೆ. ನಿವೃತ್ತಿಯ ದಿನ ನನಗೆ ಶಾಲು, ಹಾರ, ಗಡಿಯಾರ ಎಲ್ಲ ಕೊಟ್ಟು ಕಳಿಸಿದರು. ಆ ಹಾರದಲ್ಲಿ ಚೆಂಡುಹೂ ಇದ್ದವು. ಮುಂದಿನ ಸಂಕಷ್ಟಿಗೆ ಏನು ಗತಿ ಎಂದು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ನಮ್ಮದು ನರಗುಂದದಲ್ಲಿ ಗುಡ್ಡದ ಕೆಳಗಿನ ಓಣಿ. ಇಲ್ಲಿ ಒಂದು ಅಲಿಖಿತ ಕಾಯಿದೆಯಿದೆ. ಗೋಡೆಯ ಒಳಗಿನ ಹೂ ಮನೆಯವರದ್ದು. ಗೋಡೆ ದಾಟಿ ರಸ್ತೆಗೆ ಬಾಗಿದ ಹೂ, ಬಿಸಿಲು ಬೀಳುವ ಮೊದಲು ಯಾರ ಕೈಗೆ ಎಟುಕುತ್ತದೋ ಅವರದ್ದು. ಹಾಗಾಗಿ ಮುಂಜಾನೆ ನಮ್ಮ ಓಣಿಯ ಹಿರಿಯರೆಲ್ಲ ಪ್ಲಾಸ್ಟಿಕ್ ಚೀಲ ಮತ್ತು ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು, ವಾಕಿಂಗಿಗೆ ಹೊರಟವರಂತೆ ಮುಖ ಮಾಡಿಕೊಂಡು ತಿರುಗುತ್ತಾರೆ. ನಾನೂ ಸೇರಿಕೊಂಡೆ. ಪಕ್ಕದ ಮನೆಯ ಈರಣ್ಣನ ದಾಸವಾಳ ಯಾವಾಗಲೂ ಗೋಡೆ ದಾಟಿ ಬಾಗಿರುತ್ತಿತ್ತು. ಒಂದು ಸಂಕಷ್ಟಿಯ ದಿನ ಬಾಗಿದ ಕೊಂಬೆಗಳೆಲ್ಲ ನನಗಿಂತ ಮೊದಲೇ ಎದ್ದವರ ಪಾಲಾಗಿದ್ದವು. ಒಳಗೊಂದು ಹೂ ನನ್ನನ್ನೇ ನೋಡುತ್ತಿತ್ತು. ಗೋಡೆಯ ಮೇಲೆ ಹೊಟ್ಟೆಯಿಟ್ಟು ಅರ್ಧ ಶರೀರ ಒಳಗೆ ಹಾಕಿದೆ. ಅಷ್ಟರಲ್ಲಿ ಈರಣ್ಣ ಹಲ್ಲುಜ್ಜುತ್ತ ಹಿತ್ತಲಿನಿಂದ ಬಂದ. ಆತ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು, ಎಂಥಾ ಅಡಚಣೆ ಎದುರಾದರೂ ಗಾಬರಿಯಾಗುವವನಲ್ಲ.

"ಅಯ್ಯ ಸರ, ನೀವಾ? ಎಮ್ಮಿ ಬಂದೈತಿ ಅಂತ ತಿಳಕೊಂಡಿದ್ದೆ," ಎಂದ. "ಹರಕೋರಿ, ಹರಕೋರಿ. ಹುಷಾರಲೇ ಇಳೀರಿ ಮತ್ತ."

ಹೂ ಸಿಕ್ಕಿತು. ಮರ್ಯಾದೆ ಗೋಡೆಯ ಮೇಲೇ ಉಳಿಯಿತು. ಮನೆಗೆ ಬಂದು ಸುಮಿತ್ರಾಳ ಮುಂದೆ ಶಪಥ ಮಾಡಿದೆ: "ಇನ್ನ ಮ್ಯಾಲ ನಮ್ಮ ಗಿಡದ್ದ ಹೂವ ನಿನ್ನ ಕೈಯಾಗ ಇಡ್ತೇನಿ."

"ಯಾವ ಸಂಕಷ್ಟಿಗ್ರಿ?" ಎಂದಳು ಅವಳು. ಅವಳಿಗೆ ನನ್ನನ್ನು ಮೂವತ್ತೈದು ವರ್ಷಗಳಿಂದ ಗೊತ್ತು.

ನೀವು ನಗುತ್ತಿರಬಹುದು. ನಗಿ. ಆದರೆ ಮೂವತ್ತೈದು ವರ್ಷಗಳಲ್ಲಿ ಅವಳು ನನ್ನಿಂದ ಬಾಯಿಬಿಟ್ಟು ಕೇಳಿದ್ದು ತಿಂಗಳಿಗೊಂದು ಹೂವನ್ನು ಮಾತ್ರ. ಅದನ್ನೂ ನಾನು ಮಕ್ಕಳು ತಂದದ್ದರಲ್ಲಿ ಉಳಿಸಿಯೋ, ಈರಣ್ಣನ ಗೋಡೆ ಹತ್ತಿಯೋ ಕೊಟ್ಟಿದ್ದೆ. ನನ್ನ ಕೈಯಾರೆ ಬೆಳೆದ ಒಂದು ಹೂವನ್ನು ಅವಳ ಕೈಯಲ್ಲಿಡಬೇಕು ಎನ್ನುವುದು ಅವತ್ತಿನಿಂದ ನನ್ನ ತಲೆಯಲ್ಲಿ ಹೊಕ್ಕ ಹುಚ್ಚು. ಅದಕ್ಕೆ ಬೇರೆ ಹೆಸರು ಕೊಡಲು ನನಗೆ ನಾಚಿಕೆಯಾಗುತ್ತದೆ.

ದಾಸವಾಳ ಬೆಳೆಸುವುದು ಹೇಗೆಂದು ಕೇಳುತ್ತೀರಾದರೆ ಶಾಸ್ತ್ರ ಸುಲಭವಾಗಿದೆ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಗೇಣುದ್ದದ ಕಡ್ಡಿ ತೆಗೆದುಕೊಳ್ಳಬೇಕು. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಈ ಕೊನೆಯ ಮಾತು ಬರೆಯಲು ಸುಲಭ, ನರಗುಂದದಲ್ಲಿ ನಡೆಸಲು ಕಷ್ಟ. ನಮ್ಮ ಎರೆಮಣ್ಣಿಗೆ ಮಧ್ಯಮಮಾರ್ಗ ಗೊತ್ತಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಕೈಜಾರಿದ ಬೀಗದ ಕೈ ಮತ್ತೆ ಸಿಗುವುದಿಲ್ಲ, ನನ್ನದೊಂದು ಹಾಗೇ ಹೋಗಿದೆ. ಮಳೆ ಬಿದ್ದರೆ ಅದೇ ಮಣ್ಣು ಚಪ್ಪಲಿಯನ್ನು ಇಟ್ಟುಕೊಂಡು ನಮ್ಮನ್ನು ಮಾತ್ರ ಮುಂದೆ ಕಳಿಸುತ್ತದೆ. ಹತ್ತಿ, ಕಡಲೆ, ಬಿಳಿಜೋಳಕ್ಕೆ ಅದು ತಾಯಿ. ದಾಸವಾಳದ ಬೇರಿಗೆ ಮಾತ್ರ ಕೊಳೆರೋಗ ಎಂದು ನನ್ನ ಪುಸ್ತಕ ಹೇಳುತ್ತದೆ. ಈರಣ್ಣನ ಗಿಡ ಅದೇ ಎರೆಯಲ್ಲಿ, ಅದೂ ಬಚ್ಚಲು ನೀರು ನಿಂತ ತಗ್ಗಿನಲ್ಲಿ, ಮದುವೆಮನೆಯಂತೆ ಹೂ ಬಿಟ್ಟು ನಿಂತಿತ್ತು. ಅದನ್ನು ನಾನು ಅಪವಾದ ಎಂದು ಪರಿಗಣಿಸಿದೆ. ಪುಸ್ತಕ ಓದಿದವನಿಗೆ ಎದುರಿಗಿರುವುದನ್ನೆಲ್ಲ ಅಪವಾದ ಎನ್ನುವ ಸೌಕರ್ಯವಿದೆ.

ಗಜೇಂದ್ರಗಡದಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿ ಗುಡ್ಡದ ಬುಡದ ಕೆಂಪು ಮಸಾರಿ ಮಣ್ಣು, ನೀರು ಹಾಕಿದರೆ ಕುಡಿದು ಬಾಯಿ ಒರೆಸಿಕೊಳ್ಳುತ್ತದೆ. ಅಕ್ಕನ ಅಂಗಳದ ಗಿಡದಿಂದ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಅದರ ಜೊತೆಗೆ ಅರ್ಧ ಚೀಲ ಮಣ್ಣನ್ನೂ ತುಂಬಿಕೊಂಡೆ. ಅಕ್ಕ "ತಲಿ ನೆಟ್ಟಗ ಐತೇನೋ ತಮ್ಮಾ?" ಎಂದು ಕೇಳಿದಳು, ಆದರೂ ಚೀಲದ ಬಾಯಿ ಕಟ್ಟಿಕೊಟ್ಟಳು. ರೋಣದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಚೀಲವನ್ನು ಕಾಲಿನಿಂದ ಒತ್ತಿ ನೋಡಿದರು.

"ಏನೈತ್ರಿ ಇದರಾಗ?"

"ಮಣ್ಣು."

"ಖರೇ ಹೇಳ್ರಿ."

"ಖರೇನ ಮಣ್ಣರಿ."

ಇಡೀ ಬಸ್ಸು ತಿರುಗಿ ನೋಡಿತು. ದಾರಿಯ ನಡುವಿನ ಯಾವಗಲ್ ಊರಿನಲ್ಲಿ ಇಳಿಯಬೇಕಾಗಿದ್ದ ರೈತರೊಬ್ಬರು ಬಹಳ ಕನಿಕರದಿಂದ, "ನರಗುಂದಕ್ಕ ಮಣ್ಣ ಒಯ್ಯಾಕತ್ತೀರೇನ್ರಿ? ನಮ್ಮ ಹೊಲಾ ದಾರ್‍ಯಾಗ ಐತಿ. ಬೇಕಾದಷ್ಟ ತುಂಬಕೊಂಡ ಹೋಗ್ರಿ, ನಾವೇನೂ ಅನ್ನೂದಿಲ್ಲ," ಎಂದರು. ದಾಸವಾಳದ ಬೇರಿನ ಉಸಿರಾಟದ ಬಗ್ಗೆ ನಾನು ಅವರಿಗೆ ವಿವರಿಸಲು ಹೊರಟೆ. ಅವರು ತಮ್ಮ ಊರು ಬರುವ ಮೊದಲೇ ಎದ್ದು ಹೋಗಿ ಬಾಗಿಲಲ್ಲಿ ನಿಂತುಕೊಂಡರು.

ಕಡ್ಡಿ ಹತ್ತಿತು. ಅಂಗಳದ ಮೂಲೆಯಲ್ಲಿ ಮುಂಜಾನೆಯ ಬಿಸಿಲು ಬೀಳುವ ಕಡೆ ಎರೆಮಣ್ಣು ತೋಡಿ, ತಳಕ್ಕೆ ಹರಳು ಹಾಕಿ, ಮಸಾರಿ ತುಂಬಿ ನೆಟ್ಟಿದ್ದೆ. ಹದಿನೈದು ದಿನಕ್ಕೆ ಚಿಗುರಿತು, ವರ್ಷದೊಳಗೆ ಮೊಣಕಾಲೆತ್ತರವಾಯಿತು. ಆ ಸಂತೋಷದಲ್ಲಿಯೇ ನಾನು ಒಂದು ತಪ್ಪು ಮಾಡಿದೆ. ತಪ್ಪೆಂದು ತಿಳಿಯಲು ಎರಡು ವರ್ಷ ಬೇಕಾಯಿತು.

ನನ್ನ ಅತ್ತೆ, ಎಂದರೆ ಸುಮಿತ್ರಾಳ ತಾಯಿ, ಚಿಕ್ಕನರಗುಂದದಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಮೊಣಕಾಲು ನೋವೆಂದು ಮಗ ಹೊಲಕ್ಕೆ ಹೋಗುವುದನ್ನು ಬಿಡಿಸಿದ ಮೇಲೆ, ಸಂತೆಯ ದಿನ ಬಸ್ಸು ಹತ್ತಿ ನಮ್ಮ ಮನೆಗೆ ಬರುವುದನ್ನು ಶುರುಮಾಡಿದ್ದರು. ಕಣ್ಣು ಸ್ವಲ್ಪ ಮಂಜು, ನಾಲಿಗೆ ಬಹಳ ಚುರುಕು. ಅವರು ಬಂದ ದಿನ ನಾನು ಗಿಡದ ಮುಂದೆ ನಿಂತು, ಕಡ್ಡಿ ಹಿಡಿದು, ನಿವೃತ್ತಿಯಾದರೂ ಬಿಡದ ಚಟದಿಂದ ಪಾಠ ಮಾಡಿದೆ. ನೋಡಿ ಅತ್ತಿ, ಇದು ಯಾವ ಕುಲದ್ದು ಗೊತ್ತೇನು? ನೀವು ಪಲ್ಯ ಮಾಡುವ ಪುಂಡಿ ಸೊಪ್ಪಿನ ಕುಲದ್ದು. ಬೆಂಡೆ, ಹತ್ತಿ ಇವೆಲ್ಲ ಇದರ ಬೀಗರು, ಪುಂಡಿ ಮಾತ್ರ ಒಡಹುಟ್ಟು, ಒಂದೇ ತಾಯಿಯ ಮಕ್ಕಳು ಎಂದೆಲ್ಲ ಹೇಳಿದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಯಾವ ಸಸ್ಯಶಾಸ್ತ್ರದ ಪುಸ್ತಕ ತೆಗೆದರೂ ಪುಂಡಿಯೂ ದಾಸವಾಳವೂ ಒಂದೇ ಮನೆತನ. ಅತ್ತೆ ಗಲ್ಲದ ಮೇಲೆ ಕೈಯಿಟ್ಟು ಪೂರ್ತಿ ಕೇಳಿ, "ಹೌದೇನ್ರಿ!" ಎಂದರು. ಇಷ್ಟು ಗಮನಕೊಟ್ಟು ಯಾರೂ ನನ್ನ ಪಾಠ ಕೇಳಿರಲಿಲ್ಲ. ಹೂವಿನ ಹೆಸರನ್ನು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ. ಕುಲಗೋತ್ರದ ಭರದಲ್ಲಿ ಬಿಟ್ಟುಹೋಗಿರಬೇಕು.

ಗಿಡ ಎದೆಯೆತ್ತರವಾಯಿತು, ಪೊದೆಯಾಯಿತು, ಎಲೆಗಳು ಎಣ್ಣೆ ಸವರಿದಂತೆ ಹೊಳೆದವು. ಹೂ ಮಾತ್ರ ಬಿಡಲಿಲ್ಲ. ವಿಚಿತ್ರವೆಂದರೆ ಮೊಗ್ಗುಗಳು ಬರುತ್ತಿದ್ದವು. ತುದಿಯಲ್ಲಿ ಜೋಳದ ಕಾಳಿನಷ್ಟು, ಕಡಲೆಯಷ್ಟು ಆಗುವುದನ್ನು ನಾನು ಕನ್ನಡಕ ಹಾಕಿಕೊಂಡು ನೋಡುತ್ತಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಮಾಯ. ನಾನು ವಿಜ್ಞಾನದ ಮನುಷ್ಯ, ಒಂದು ನೋಟ್‌ಬುಕ್ ಇಟ್ಟೆ. ನೀರು ಹೆಚ್ಚಾದರೂ ಕಡಿಮೆಯಾದರೂ ದಾಸವಾಳ ಮೊಗ್ಗು ಉದುರಿಸುತ್ತದೆ. ಆದರೆ ಉದುರಿದ್ದು ನೆಲದ ಮೇಲೆ ಸಿಗಬೇಕಲ್ಲ, ಸಿಗುತ್ತಿರಲಿಲ್ಲ. ಬಿಳಿ ಹಿಟ್ಟಿನಂಥ ತಿಗಣೆ ಕಂಡಿತು, ಸೋಪಿನ ನೀರಿನಿಂದ ಒಂದೊಂದೇ ಎಲೆ ತೊಳೆದೆ. ಅಳಿಲಿನ ಮೇಲೆ ಸಂಶಯಪಟ್ಟೆ. ಈರಣ್ಣನ ಆಡಿನ ಮೇಲೆ ಸಂಶಯಪಟ್ಟು ಒಂದು ದಿನವಿಡೀ ಅದರ ಹಿಂದೆ ತಿರುಗಿದೆ. ಅದು ನನ್ನ ನೋಟ್‌ಬುಕ್ಕಿನ ಎರಡು ಪುಟ ತಿಂದಿತು, ಗಿಡದ ಕಡೆ ತಿರುಗಿಯೂ ನೋಡಲಿಲ್ಲ.

ಊರಿನಲ್ಲಿ ಸುದ್ದಿಯಾಯಿತು. ಸಸ್ಯಶಾಸ್ತ್ರದ ಮಾಸ್ತರರ ಮನೆಯ ದಾಸವಾಳ ಹೂ ಬಿಡುವುದಿಲ್ಲವಂತೆ! ಔಷಧಿ ಹೇಳದವರೇ ಇಲ್ಲ. ಮಜ್ಜಿಗೆ ಹಾಕಿ ಎಂದರು, ಹಾಕಿದೆ. ಇಂಗಿನ ನೀರು, ಚಹಾದ ಚರಟ, ತುಕ್ಕು ಹಿಡಿದ ಮೊಳೆ, ಎಲ್ಲ ಹಾಕಿದೆ. ಒಂದು ಹಂತದಲ್ಲಿ ಆ ಗಿಡದ ಬುಡದಲ್ಲಿ ನಮ್ಮ ಅಡುಗೆಮನೆಗಿಂತ ಹೆಚ್ಚು ಸಾಮಾನಿತ್ತು. ಸಂಕಷ್ಟಿಗಳು ಒಂದರ ಹಿಂದೊಂದು ಬಂದು ಹೋದವು. ಪ್ರತಿ ಸಲ ಸುಮಿತ್ರಾ ಏನೂ ಅನ್ನದೆ ಈರಣ್ಣನ ಹೆಂಡತಿ ಕಳಿಸಿದ ಹೂವನ್ನು ಗಣಪತಿಗೆ ಏರಿಸುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಕೊನೆಗೆ ಈರಣ್ಣನೇ ಬಂದ. "ಸರ, ಇದಕ್ಕ ಹೆದರಿಸೂದು ಒಂದ ದಾರಿ," ಎಂದ.

ಈ ಪದ್ಧತಿ ನಿಮಗೆ ಗೊತ್ತಿರಬಹುದು. ಫಲ ಕೊಡದ ಗಿಡದ ಮುಂದೆ ಒಬ್ಬ ಕೊಡಲಿ ಎತ್ತಿ ಕಡಿಯುತ್ತೇನೆ ಎನ್ನಬೇಕು. ಇನ್ನೊಬ್ಬ ಅಡ್ಡ ಬಂದು, ಬೇಡ, ಈ ಸಲ ಕೊಡುತ್ತದೆ, ನಾನು ಜಾಮೀನು ಎನ್ನಬೇಕು. ಗಿಡ ಇದನ್ನು ಕೇಳಿಸಿಕೊಂಡು ಹೆದರಿ ಹೂ ಬಿಡುತ್ತದೆ. ಗಿಡಕ್ಕೆ ಕಿವಿಯಿಲ್ಲ ಎಂದು ಮೂವತ್ತೊಂದು ವರ್ಷ ಕಲಿಸಿದ ನಾನು, "ಕೊಡ್ಲಿ ನಿನ್ನ ಹಂತ್ಯಾಕ ಐತೇನು?" ಎಂದು ಕೇಳಿದೆ.

ಮಾರನೆಯ ದಿನ ಸಂತೆ. ಮುಂಜಾನೆಯೇ ಶುರುಮಾಡಿದೆವು. ಕಡಿಯುವವನು ನಾನು, ಜಾಮೀನು ಈರಣ್ಣ. ಆತ ತನ್ನ ಮಾತನ್ನು ಬಾಯಿಪಾಠ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಸುಮಿತ್ರಾ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಕೊಡಲಿ ಎತ್ತಿದೆ. "ಕಡದ ಬಿಡ್ತೇನಿ ಇವತ್ತ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಈರಣ್ಣ ಬಾಯಿ ತೆರೆಯುವ ಮೊದಲೇ ಹೊರಬಾಗಿಲು ದಡಾರನೆ ತೆರೆಯಿತು. ಬಸ್ಸಿಳಿದು ಬಂದ ಅತ್ತೆ ಕೈಚೀಲ ಒಗೆದು, ಮೊಣಕಾಲು ನೋವು ಮರೆತು ಓಡಿ ಬಂದು ಗಿಡವನ್ನು ತಬ್ಬಿಕೊಂಡರು.

"ಅಯ್ಯಯ್ಯ, ಬ್ಯಾಡ್ರಿ ಅಳ್ಯಾರ! ನಿಮಗ ಕೈ ಮುಗೀತೀನಿ, ಕಡೀಬ್ಯಾಡ್ರಿ!"

ಈರಣ್ಣನಿಗೆ ತನ್ನ ಪಾತ್ರ ಹೋದದ್ದಕ್ಕೆ ಬೇಜಾರಾಯಿತಾದರೂ, ಅಭಿನಯ ನೋಡಿ ತಲೆದೂಗಿದ. "ಅಡ್ಡಿಯಿಲ್ಲ ಅಮ್ಮಾ, ಚಲೋ ಅಂದ್ರಿ. ಇನ್ನೊಂದೀಟ ಜೋರಲೇ ಅನ್ರಿ."

ನಾನು ಆಟ ಮುಂದುವರಿಸಿದೆ. "ಕಡಿಯಾಂವನ! ಏನೂ ಕೊಡಲಾರದ ಗಿಡಾ ಯಾಕ ಬೇಕು?"

"ಏನೂ ಕೊಡೂದಿಲ್ಲಾ?" ಅತ್ತೆ ಸಿಟ್ಟಿಗೆದ್ದರು. "ವಾರಾ ವಾರಾ ಉಡಿ ತುಂಬ ಕೊಡ್ತೈತಿ! ಎರಡ ವರ್ಷ ಆತು, ಒಂದ ಸಂತಿ ತಪ್ಪಿಸಿಲ್ಲ."

"ಏನ ಕೊಡ್ತೈತ್ರಿ?"

"ಪಲ್ಯಾ!"

ಕೊಡಲಿ ಅಲ್ಲೇ ನಿಂತಿತು. ನಾನು ಅವರ ಕೈ ನೋಡಿದೆ. ಒಂದು ಕೈ ಗಿಡವನ್ನು ಕಾಪಾಡುತ್ತಿತ್ತು. ಇನ್ನೊಂದು ಕೈ, ಅವರಿಗೇ ಅರಿವಿಲ್ಲದಂತೆ, ತುದಿ ತುದಿ ಮುಟ್ಟಿ ಚಿವುಟಿ ಚಿವುಟಿ ಉಡಿಗೆ ಹಾಕುತ್ತಿತ್ತು. ಕುಡಿ, ಕುಡಿಯ ಜೊತೆಗೆ ಮೊಗ್ಗು. ಕಡಲೆ ಹೊಲದಲ್ಲಿ ಅರವತ್ತು ವರ್ಷ ಕುಡಿ ಚಿವುಟಿದ ಬೆರಳುಗಳು. ನಮ್ಮ ಕಡೆ ಕಡಲೆ ಗೇಣುದ್ದವಾದ ಕೂಡಲೇ ಹೆಂಗಸರು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಗಿಡ ಕವಲೊಡೆದು ಪೊದೆಯಾಗಲಿ ಎಂದು, ಸಂಜೆಗೆ ಪಲ್ಯವೂ ಆಗಲಿ ಎಂದು. ಎಳೆಯ ಕುಡಿ ಕಂಡಮೇಲೆ ಆ ಬೆರಳುಗಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಸಂತೆಯ ದಿನ ನಾನು ಚೀಲ ಹಿಡಿದು ಪೇಟೆಗೆ ಹೋಗಿರುತ್ತಿದ್ದೆ, ಇದನ್ನು ಒಮ್ಮೆಯೂ ನೋಡಿರಲಿಲ್ಲ.

"ನೀವ ಹೇಳಿದ್ರೆಲ್ರಿ, ಇದು ಪುಂಡಿ ಕುಲದ್ದು ಅಂತ," ಎಂದರು ಅತ್ತೆ, ನನ್ನ ಮುಖ ನೋಡಿ ಗಾಬರಿಯಾಗಿ. "ನಾ ಊರಿಂದ ತಂದ ಪುಂಡಿ ಜೋಡಿ ಕಲಸ್ತೀನಿ. ನಿಮಗ ಸೇರತೈತಿ ಅಂತ."

ಸೇರುತ್ತಿತ್ತು. ಅದೇ ಹೇಳಲಾರದ ಸಂಗತಿ. ಸಂತೆ ದಿನದ ಪಲ್ಯ ಸ್ವಲ್ಪ ಲೋಳೆಯಾಗಿ, ವಿಶೇಷ ರುಚಿಯಾಗಿರುತ್ತದೆ ಎಂದು ಹೊಗಳಿ, ಎರಡನೆಯ ಸಲ ಹಾಕಿಸಿಕೊಂಡು ತಿಂದವನು ನಾನೇ. ಎರಡು ವರ್ಷ ಯಾವ ಹೂವಿಗಾಗಿ ಕಾದಿದ್ದೆನೋ ಅದನ್ನು ವಾರವಾರವೂ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ. ಅಳಿಲಿನ ಕ್ಷಮೆ ಕೇಳಬೇಕೆನಿಸಿತು. ಜೊತೆಗೆ ಒಂದು ವಿಲಕ್ಷಣ ಹೆಮ್ಮೆಯೂ ಆಯಿತು. ಮೂವತ್ತೊಂದು ವರ್ಷದ ಪಾಠದಲ್ಲಿ ಕಲಿತದ್ದನ್ನು ಜೀವನದಲ್ಲಿ ಉಪಯೋಗಿಸಿದ ವಿದ್ಯಾರ್ಥಿ ಇವರೊಬ್ಬರೇ.

ಬಾಯಿ ತೆರೆದು ಸತ್ಯ ಹೇಳಬೇಕು ಎನ್ನುವಷ್ಟರಲ್ಲಿ ಸುಮಿತ್ರಾ ಬಾಗಿಲಿನಿಂದ ನನ್ನನ್ನು ನೋಡಿದಳು. ನಗು ಹೋಗಿತ್ತು. ಬೇಡ ಎಂದು ತಲೆ ಅಲ್ಲಾಡಿಸಿದಳು. ನಾನು ಕೊಡಲಿ ಕೆಳಗಿಳಿಸಿ, "ಆತ್ರಿ ಅತ್ತಿ, ಕಡಿಯೂದಿಲ್ಲ," ಎಂದೆ. ಈರಣ್ಣ ಇದ್ದಕ್ಕಿದ್ದಂತೆ ನೆನಪಾಗಿ, "ನಾ ಜಾಮೀನ!" ಎಂದು ತನ್ನ ಮಾತನ್ನು ಹೇಳಿ ಮುಗಿಸಿದ.

ಸಂಜೆ ಅತ್ತೆಯವರನ್ನು ಬಸ್ಸು ಹತ್ತಿಸಿ ಬಂದಮೇಲೆ ಕೇಳಿದೆ, "ನಿನಗ ಗೊತ್ತಿತ್ತಾ?"

"ಪಲ್ಯಾ ಸೋಸಾಕಿ ನಾನ ಅಲ್ಲೇನ್ರಿ?" ಎಂದಳು ಸುಮಿತ್ರಾ.

"ಮತ್ತ ನಾ ಆಡಿನ ಹಿಂದ ತಿರಗೂ ಮುಂದ ಯಾಕ ಸುಮ್ಮನಿದ್ದಿ? ನಿನ್ನ ಗಣಪತಿಗೆ ಹೂವ ಬ್ಯಾಡಾ?"

ಅವಳು ಅಂಗಳದ ಗಿಡದ ಕಡೆ ನೋಡಿದಳು. ಆಮೇಲೆ, "ಗಣಪ್ಪಗ ಊರ ತುಂಬ ಹೂವ ಅದಾವ. ಅವ್ವಗ ಚಿವುಟಾಕ ಬ್ಯಾರೆ ಏನೈತ್ರಿ? ಹೊಲಕ್ಕ ಹೋಗಬ್ಯಾಡ ಅಂದಾಗಿಂದ ಆಕಿ ಕೈ ಸುಮ್ಮನ ಕುಂತಿದ್ದಿಲ್ಲ, ಒದ್ದಾಡತಿದ್ದುವು. ಇಲ್ಲಿಗೆ ಬಂದು ಆ ಗಿಡದ ಮುಂದ ಕುಂತ ಮ್ಯಾಲ ಸಮಾಧಾನ ಆಗ್ಯಾವ. ಇದ ಆಕಿ ಹೊಲ," ಎಂದಳು. ನಂತರ ನನ್ನ ಕಡೆ ತಿರುಗಿ, "ನೀವು ಹೂವ ಕೊಡ್ತೇನಿ ಅಂದ್ರೆಲ್ಲ, ಅದು ನನಗ ಮುಟ್ಟೇತಿ," ಎಂದಳು.  ನಾನು ಹೋಗಿ ಗಿಡಕ್ಕೆ ನೀರು ಹಾಕಿದೆ, ಮುಂಜಾನೆ ಒಮ್ಮೆ ಹಾಕಿದ್ದರೂ.

ಅದಾದ ಸ್ವಲ್ಪ ದಿನಗಳಲ್ಲಿ ಅತ್ತೆಯವರು ಮೆಣಸಗಿಗೆ ಹೋದರು. ಅಲ್ಲಿ ಮೊಮ್ಮಗಳ ಬಾಣಂತನ, ಎರಡು ತಿಂಗಳು ನಿಂತರು. ಈಗ ನಿಮಗೊಂದು ಬೇಸಾಯದ ಗುಟ್ಟು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ದಾಸವಾಳದ ಹೂ ಬರುವುದು ಹೊಸ ಚಿಗುರಿನಲ್ಲಿ. ಒಂದು ಕುಡಿ ಚಿವುಟಿದರೆ ಎರಡು ಕವಲು, ಎರಡು ಚಿವುಟಿದರೆ ನಾಲ್ಕು. ಎರಡು ವರ್ಷ ವಾರವಾರವೂ ತಜ್ಞ ಕೈಯಿಂದ ಚಿವುಟಿಸಿಕೊಂಡ ಗಿಡವನ್ನು ಒಮ್ಮೆಗೇ ಕೈಬಿಟ್ಟರೆ ಏನಾಗುತ್ತದೆ ಎಂದು ಯಾವ ಪುಸ್ತಕದಲ್ಲಿಯೂ ನಾನು ಓದಿರಲಿಲ್ಲ. ಒಂದು ಮುಂಜಾನೆ ಏಳು ಹೂ. ನಾಲ್ಕು ದಿನಕ್ಕೆ ಇಪ್ಪತ್ತು. ಆಮೇಲೆ ಎಲೆಯೇ ಕಾಣದಷ್ಟು ಕೆಂಪು. ಓಣಿಯ ಹಿರಿಯರು ಕೋಲು ಹಿಡಿದು ನಮ್ಮ ಗೋಡೆಯ ಕಡೆ ವಾಕಿಂಗಿಗೆ ಬರತೊಡಗಿದರು. ಈರಣ್ಣ ಎಲ್ಲರಿಗೂ ತನ್ನ ಜಾಮೀನಿನ ಶಕ್ತಿ ಎಂದು ಹೇಳಿಕೊಂಡು ತಿರುಗಿದ.

ಸಂಕಷ್ಟಿ ಬಂತು. ಸ್ನಾನ ಮಾಡಿ, ಎಲ್ಲಕ್ಕಿಂತ ದೊಡ್ಡ ಹೂವನ್ನು ಕೊಯ್ದು, ದೇವರ ಮನೆಯಲ್ಲಿ ಕೂತಿದ್ದ ಸುಮಿತ್ರಾಳ ಕೈಯಲ್ಲಿಟ್ಟೆ. ಅಷ್ಟು ದೊಡ್ಡ ಹೂವನ್ನು ಸೀಳದೆ ಯಾರ ಕೈಗಾದರೂ ಕೊಟ್ಟದ್ದು ಅದೇ ಮೊದಲು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದವು. "ಭಾಳ ಚಲೋ ಐತ್ರಿ," ಎಂದಳು. ಆಮೇಲೆ, "ಅವ್ವ ಬರಲಾರದ ಎಂಟ ಸಂತಿ ಆದುವಲ್ರಿ," ಎಂದಳು.

ನಾನು ಗೆದ್ದಿದ್ದೆ. ಗೆದ್ದವನು ಅವತ್ತು ಊಟಕ್ಕೆ ಕೂತರೆ ಬಾಳೆಲೆಯಲ್ಲಿ ಎಲ್ಲ ಇತ್ತು, ಪಲ್ಯ ಮಾತ್ರ ಇರಲಿಲ್ಲ. ಅಂಗಳದಲ್ಲಿ ಮನೆ ಉರಿಯುತ್ತಿದೆಯೇನೋ ಎನ್ನುವಷ್ಟು ಹೂ, ಒಳಗೆ ಮಾತೇ ಇಲ್ಲ. ಕೈ ತೊಳೆದವನೇ ಮೆಣಸಗಿಗೆ ಫೋನು ಮಾಡಿದೆ. ಅತ್ತೆ ತಮ್ಮ ಮಗಳು ಹೇಗಿದ್ದಾಳೆ ಎಂದೂ ಕೇಳಲಿಲ್ಲ, "ಗಿಡಾ ಹ್ಯಾಂಗೈತ್ರಿ ಅಳ್ಯಾರ? ಕಡದಿಲ್ಲಲ್ಲ?" ಎಂದರು.

"ಐತ್ರಿ ಅತ್ತಿ. ಲಗೂನ ಬರ್ರಿ," ಎಂದೆ.

ಮುಂದಿನ ಸಂತೆಗೇ ಬಂದರು. ಹೊರಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಮಂಜು ಕಣ್ಣಿಗೂ ಆ ಕೆಂಪು ಕಂಡಿತು. ಹತ್ತಿರ ಹೋಗಿ ಒಂದು ಹೂವನ್ನು ಮುಟ್ಟಿ ನೋಡಿದರು, ಇನ್ನೊಂದನ್ನು ಮುಟ್ಟಿದರು. ಮುಖ ಸಣ್ಣಗಾಯಿತು.  ಇದು ಹೂವಿನ ಗಿಡವೆಂದು ಕೊನೆಗೂ ಅವರಿಗೆ ತಿಳಿಯಿತು, ಇನ್ನು ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿ, ಬೆಳೆ ಕಳೆದುಕೊಂಡವರ ಮನೆಗೆ ಹೋದಾಗ ಮಾತಾಡುವ ದನಿಯಲ್ಲಿ ಹೇಳಿದರು:

"ಒಂದೀಟ ನಾ ಇಲ್ಲಂದ್ರ ನೋಡ್ರಿ ಅಳ್ಯಾರ, ಎಲ್ಲಾ ಹೂವಾಗಿ ಹೋಗೇತಿ. ಒಂದ ಕುಡೀನೂ ಉಳದಿಲ್ಲ." ಸೆರಗು ಬಿಗಿದು ಉಡಿ ಮಾಡಿಕೊಂಡರು. "ಇರ್ಲಿ ಬಿಡ್ರಿ, ಮನಸ್ಸಿಗೆ ಹಚ್ಚಕೋಬ್ಯಾಡ್ರಿ. ನಾ ಬಂದೀನಲ್ಲ."

"ಹೌದ್ರಿ ಅತ್ತಿ," ಎಂದೆ, ಮತ್ತು ಅವರಿಗೆ ಕೂಡಲು ಮಣೆ ತರಲು ಒಳಗೆ ಹೋದೆ.